ಸುಮ್ಮನಾದವರ ಕಡೆಗೆ ಈಜಿದವನು

— ನೀರಿನ ರುಚಿ ಬೇರೆ ಇತ್ತು ಎಂದನೋ, ಬಣ್ಣ ಬೇರೆ ಇತ್ತು ಎಂದನೋ, ಬೆಳಗಿನಿಂದ ನೆನಪು ಮಾಡಿಕೊಳ್ಳುತ್ತಿದ್ದೇನೆ. ಜೀವ ಉಳಿಸಿ ಪದಕ ತಂದ ನಮ್ಮ ಮೈಲೇಶನಿಗೆ ಹಾವೇರಿಯಲ್ಲಿ ಸನ್ಮಾನವಾದ ದಿನ, ಹಾರ ಹಾಕಿದ ಮೇಲೆ, ಯಾರೋ ಅವನ ಕೈಗೆ ಮೈಕು ಕೊಟ್ಟು, ನೀರಿಗೆ ಹಾರಿದಾಗ ಏನನ್ನಿಸಿತು ಹೇಳಿ ಎಂದರು. ಅವನು ಅದೊಂದು ಮಾತು ಹೇಳಿ ಕುಳಿತುಬಿಟ್ಟ. ಸಭೆ ನಕ್ಕಿತು. ನಿಮ್ಮಲ್ಲಿ ಬಹಳ ಜನ ಅಂದು ಅಲ್ಲಿದ್ದಿರಿ. ಎಂಥ ಸಾದಾ ಮನುಷ್ಯ, ಹೊಗಳಿಸಿಕೊಳ್ಳಲೂ ಬರುವುದಿಲ್ಲ ಎಂದು ಮಾತಾಡಿಕೊಂಡಿರಿ. ನಾನು ಅವನ ಪಕ್ಕದ ಕುರ್ಚಿಯಲ್ಲಿದ್ದೆ. ಅವನು ಕೊರಳಿನ ಹಾರ ತೆಗೆದು ಕುರ್ಚಿಯ ಕೆಳಗೆ ಇಟ್ಟ.

ಕ್ಷಮಿಸಿ. ಮೊದಲು ನಮಸ್ಕಾರ ಹೇಳಬೇಕಿತ್ತು.

ಐರಣಿಯಿಂದ ಬಂದಿರುವ ಹಿರಿಯರಿಗೆ, ಬ್ಯಾಡಗಿಯಿಂದ ಕೆಲಸ ಬಿಟ್ಟು ಬಂದಿರುವ ನನ್ನ ಜೊತೆಗಾರರಿಗೆ, ರಾಣೆಬೆನ್ನೂರಿನಲ್ಲಿ ಈ ಸಭಾಭವನವನ್ನು ಕೇಳಿದ ಕೂಡಲೇ ತೆರೆದುಕೊಟ್ಟವರಿಗೆ — ನಮಸ್ಕಾರ. ಮೊದಲ ಸಾಲಿನಲ್ಲಿ ಮೈಲೇಶನ ತಂದೆ ಮೈಲಾರಪ್ಪ ಕಾಕಾ ಇದ್ದಾರೆ. ತಾಯಿ ಉಚ್ಚಂಗೆವ್ವ ಇದ್ದಾರೆ. ಹೆಂಡತಿ ಕಾವ್ಯಾ, ಮಗಳು ದೀಪಿಕಾ ಇದ್ದಾರೆ. ಅವರಿಗೆ ಏನು ಹೇಳಬೇಕೋ ನನಗೆ ತಿಳಿಯುವುದಿಲ್ಲ. ಕೈ ಮುಗಿಯುತ್ತೇನೆ.

ನನ್ನ ಹೆಸರು ಶಶಿಕಾಂತ. ಬ್ಯಾಡಗಿಯವನು. ಮೈಲೇಶ ಮತ್ತು ನಾನು ಒಂದೇ ಸರಕು ಹಡಗಿನಲ್ಲಿ ದುಡಿದವರು. ಅವನದು ಮೇಲೆ, ಹಗ್ಗದ ಕೆಲಸ. ನನ್ನದು ಕೆಳಗೆ, ಇಂಜಿನ್ ಮನೆ. ಹಡಗು ಬಿಟ್ಟ ಮೇಲೆ ಇಬ್ಬರೂ ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜು ಸೇರಿದೆವು. ನಾನು ಕಂಪ್ರೆಸರ್ ನೋಡಿಕೊಳ್ಳುತ್ತೇನೆ. ಅವನು ಮೆಣಸಿನಕಾಯಿ ಚೀಲ ಏರಿಸಿ ಇಳಿಸುವ ಕೆಲಸದ ಉಸ್ತುವಾರಿ. ಕಳೆದ ವಾರ ಕೆಲಸಕ್ಕೆ ಬರುತ್ತಿದ್ದವನು ಮೋಟೆಬೆನ್ನೂರು ದಾಟಿದ ಮೇಲೆ ಬೈಕು ಪಕ್ಕಕ್ಕೆ ನಿಲ್ಲಿಸಿ, ಎದೆ ಹಿಡಿದುಕೊಂಡು ಕುಳಿತ. ಏಳಲಿಲ್ಲ. ಮೈಲೇಶ ಅವರು ಎಂದು ಹೇಳಬೇಕು, ಗೊತ್ತು. ನಾಲಿಗೆ ಅವನು ಎಂದೇ ಹೊರಳುತ್ತದೆ. ಹಾಗೆಯೇ ಬಿಡಿ.

ನಾನು ಭಾಷಣ ಮಾಡುವವನಲ್ಲ. ಇಂದು ಇಲ್ಲಿ ನಿಂತದ್ದಕ್ಕೆ ಕಾರಣವಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಐರಣಿಯಲ್ಲಿ ಮಣ್ಣು ಮುಗಿಸಿ, ಬಂದವರೆಲ್ಲ ಎದ್ದು ಹೋದ ಮೇಲೆ, ಮೈಲಾರಪ್ಪ ಕಾಕಾ ಕಟ್ಟೆಯ ಮೇಲೆ ನನ್ನ ಕೈ ಹಿಡಿದು ಕೂರಿಸಿಕೊಂಡರು. ಹೀಗೆ, ಮಣಿಕಟ್ಟಿನ ಹತ್ತಿರ.

‘ತಮ್ಮಾ, ನನ್ನ ಮಗ ನನ್ನ ಮ್ಯಾಲೆ ಯಾಕ ಸಿಟ್ಟಾಗಿದ್ದ?’

‘ಸಿಟ್ಟಿರಲಿಲ್ಲ ಕಾಕಾ.’

‘ಸುಳ್ಳ ಹೇಳಬ್ಯಾಡ. ಪದಕ ತಗೊಂಡ ಬಂದಾಗಿಂದ ಒಂದ ದಿನಾ ಹೊಳಿಗೆ ಇಳಿದಿಲ್ಲ. ನಾ ತೆಪ್ಪಾ ಹತ್ತಿದ್ರ ಎದ್ದ ಹೋಗಾಂವ. ಸಂಕ್ರಾಂತಿಗೆ ಊರ ಮಂದಿ ಎಲ್ಲಾ ಹೊಳ್ಯಾಗ. ಇಂವ ದಂಡ್ಯಾಗ ಬೆನ್ನ ಮಾಡಿ ಕುಂತು ರೊಟ್ಟಿ ತಿಂತಾನ. ಸಮುದ್ರ ಕಂಡಾಂವಗ ನಮ್ಮ ಹೊಳಿ ಸಣ್ಣದಾತ ಅಂತ ನಾನೂ ಅಂದೇನಿ, ಮಂದಿ ಮುಂದ. ಅಂದಿದ್ದು ಅವಗ ಹತ್ತಿತೇನು?’

ನಾನು ಏಳಲು ನೋಡಿದೆ. ಅವರು ಕೈ ಬಿಡಲಿಲ್ಲ.

‘ನಿನಗ ಗೊತ್ತೈತಿ. ಸಭಾದಾಗ ಹೇಳು.’

ಇಲ್ಲೇ ಹೇಳುತ್ತೇನೆ ಕಾಕಾ ಎಂದೆ. ಬೇಡವೆಂದರು. ‘ಮನ್ಯಾಗ ಹೇಳಿದ್ರ ಮುದುಕನ ಸಮಾಧಾನಕ್ಕ ಹೇಳೀದಿ ಅನಕೋತೇನಿ. ಎಲ್ಲಾರ ಮುಂದ ಸುಳ್ಳ ಹೇಳಾಕ ನಿನಗ ಬರಂಗಿಲ್ಲ.’

ಬೈಕಿನ ತನಕ ಕಾವ್ಯಾ ಹಿಂದೆ ಬಂದರು. ಅವರಿಗೆ ಎಲ್ಲವೂ ಗೊತ್ತು. ‘ಅಣ್ಣಾರ, ಅದನ್ನ ಹೇಳಬ್ಯಾಡ್ರಿ. ದೀಪಿಕಾಗ ಅಪ್ಪನ ಪದಕ ಅಂತ ಒಂದ ಉಳದೈತಿ. ನಾಳೆ ಸಾಲ್ಯಾಗ ಯಾರರ, ನಿಮ್ಮಪ್ಪ ಒಬ್ಬನ್ನ ನೀರಾಗ ಬಿಟ್ಟ ಬಂದಾನ ಅಂದ್ರ ನಾ ಏನ ಹೇಳ್ಲಿ?’

ಎರಡು ಮಾತು. ಎರಡೂ ನ್ಯಾಯವೇ. ಈ ವಾರವಿಡೀ ಕಂಪ್ರೆಸರಿನ ಮುಂದೆ ಕುಳಿತು ನಾನು ಎರಡನ್ನೂ ಕೇಳಿಸಿಕೊಂಡಿದ್ದೇನೆ. ಇವತ್ತು ಬೆಳಗ್ಗೆ ಕಾವ್ಯಾ ಅವರೇ ಫೋನ್ ಮಾಡಿದರು. ‘ಹೇಳ್ರಿ. ಮಾವಾರು ಊಟಾ ಬಿಟ್ಟಾರ. ಆದರ ಹೇಳೂ ಮುಂದ ದೀಪಿಕಾನ ಕಡೆ ನೋಡಬ್ಯಾಡ್ರಿ.’

ಅದಕ್ಕೇ ನಾನು ಆ ಎದುರಿನ ಗೋಡೆಯ ಕಡೆ ನೋಡುತ್ತ ಹೇಳುತ್ತೇನೆ. ಯಾರೂ ತಪ್ಪು ತಿಳಿಯಬೇಡಿ.

ದೂರದ ಒಂದು ಬಂದರು. ಚಳಿಗಾಲ ಮುಗಿಯುತ್ತ ಬಂದಿತ್ತು. ಮಧ್ಯಾಹ್ನ. ಹಡಗನ್ನು ದಡಕ್ಕೆ ಕಟ್ಟುವ ಕೆಲಸ ನಡೆದಿತ್ತು. ಮೈಲೇಶ ಮುಂದಿನ ತುದಿಯಲ್ಲಿ ಹಗ್ಗ ಬಿಡುತ್ತಿದ್ದ. ಅಷ್ಟರಲ್ಲಿ ಒಂದು ಸಣ್ಣ ದೋಣಿ, ಬರಬಾರದ ಜಾಗಕ್ಕೆ, ಹಡಗಿಗೂ ದಡಕ್ಕೂ ನಡುವೆ ಬಂತು. ಅದರಲ್ಲಿ ಒಬ್ಬ ಹೆಂಗಸು, ಒಬ್ಬ ಗಂಡಸು. ಹಡಗನ್ನು ತಳ್ಳುವ ಇನ್ನೊಂದು ದೋಣಿಯ ಅಲೆ ಬಡಿದು ಅದು ಮಗುಚಿತು. ನಾನು ಆಗ ಕೆಳಗೆ ಇಂಜಿನ್ ಮನೆಯಲ್ಲಿ. ಅಲ್ಲಿಗೆ ಮೇಲಿನ ಯಾವ ಸದ್ದೂ ಬರುವುದಿಲ್ಲ. ಹೀಗಾಗಿ ಇದು ನಾನು ಕಂಡದ್ದಲ್ಲ. ಮೈಲೇಶ ಹೇಳಿದ್ದು. ಅವನು ಬಿಟ್ಟದ್ದನ್ನು ಮೇಲಿದ್ದವರು ಹೇಳಿದ್ದು.

ಗಂಡಸು ಕೂಗುತ್ತಿದ್ದ. ಕೈ ಎತ್ತಿ, ಮುಖ ಮೇಲೆ ಮಾಡಿ, ಹಡಗಿನ ಕಡೆಗೇ ನೋಡಿ ಕೂಗುತ್ತಿದ್ದ. ಹೆಂಗಸು ಕೂಗುತ್ತಿರಲಿಲ್ಲ. ಅವಳ ತಲೆ ಕಂಡಿತು. ಬಾಯಿ ನೀರಿನ ಮಟ್ಟಕ್ಕೆ ಬಂದಿತ್ತು. ಆಮೇಲೆ ತಲೆ ಕಾಣಲಿಲ್ಲ.

ಐರಣಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಮೈಲಾರಪ್ಪ ಕಾಕಾನ ಮನೆಯವರು ಹಿಂದೆ ತೆಪ್ಪ ಹಾಕಿ ಜನರನ್ನು ತುಂಗಭದ್ರೆ ದಾಟಿಸುತ್ತಿದ್ದವರು. ಈಗ ಹೊಲ ಮಾಡುತ್ತಾರೆ. ಆದರೂ ಯಾರಾದರೂ ಹೊಳೆಗೆ ಬಿದ್ದರೆ ಜನ ಓಡಿ ಬರುವುದು ಇವರ ಮನೆ ಬಾಗಿಲಿಗೆ. ಮೈಲೇಶ ಮೀಸೆ ಮೂಡುವ ಮೊದಲೇ ಅಪ್ಪನ ಜೊತೆ ಇಳಿಯುತ್ತಿದ್ದ. ಅಪ್ಪ ಕಲಿಸಿದ್ದು ಇಷ್ಟು. ಅವನ ಬಾಯಿಂದ ನಾನು ಎಷ್ಟು ಸಲ ಕೇಳಿದ್ದೇನೆಂದರೆ ಈಗ ನನಗೂ ಬಾಯಿಪಾಠ. ‘ಕೂಗೋರ ಕಡೆ ಹೋಗಬ್ಯಾಡ. ಕೂಗೋರಿಗೆ ಇನ್ನೂ ಉಸುರ ಐತಿ. ಸುಮ್ಮನಾದವರ ಕಡೆ ಹೋಗು. ಹಿಂದ ನೋಡಬ್ಯಾಡ.’

ಅವನು ಹಾರಿದ. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಬಿದ್ದದ್ದು — ಇದೇ ಕಾವ್ಯಾ ಅವರು ಬೇಡವೆಂದ ಮಾತು — ಬಿದ್ದದ್ದು ಆ ಗಂಡಸಿನ ಪಕ್ಕಕ್ಕೆ. ಕೈಯಳತೆಯಲ್ಲಿ.

‘ಅಂವ ನನ್ನ ಅಂಗಿ ಹಿಡದಿದ್ದ ಶಶಿಯಣ್ಣ,’ ಎಂದ ನನ್ನ ಹತ್ತಿರ. ‘ಜೋರ ಹಿಡದಿದ್ದಿಲ್ಲ. ಸಂತ್ಯಾಗ ಯಾರನ್ನರ ಕರೀಬೇಕಾದ್ರ ತೋಳ ಹಿಡಿತಾರಲ್ಲ, ಹಂಗ. ನಾ ಬಿಡಿಸ್ಕೊಂಡೆ.’

ಬಿಡಿಸಿಕೊಂಡ. ಹೆಂಗಸಿನ ತಲೆ ಕಂಡಿದ್ದ ಜಾಗವನ್ನು ಕಣ್ಣಿನಿಂದ ತಪ್ಪಿಸದೆ ಈಜಿದ. ಮುಳುಗಿದ. ಒಮ್ಮೆ ಬರಿಗೈ. ಮತ್ತೆ ಮುಳುಗಿದ. ಆ ನೀರಿನಲ್ಲಿ ಕಣ್ಣು ಬಿಟ್ಟರೆ ಏನೂ ಕಾಣುತ್ತಿರಲಿಲ್ಲವಂತೆ. ಕೈಗೆ ಕೂದಲು ಸಿಕ್ಕಿತು. ಎಳೆದ. ಮೇಲೆ ಬಂದ. ಹಡಗಿನವರು ತೇಲುವ ರಿಂಗು ಎಸೆದರು. ದಡದವರೂ ಒಂದು ಎಸೆದರು. ಎರಡೂ ಮೈಲೇಶನ ಪಕ್ಕಕ್ಕೇ ಬಿದ್ದವು. ಏಕೆಂದರೆ ಎಲ್ಲರ ಕಣ್ಣೂ ಹಾರಿದವನ ಮೇಲಿತ್ತು. ನಾನು ಯಾರನ್ನೂ ದೂರುತ್ತಿಲ್ಲ. ಹಾರಿದವನನ್ನು ಬಿಟ್ಟು ಬೇರೆ ಕಡೆ ನೋಡುವುದು ಕಷ್ಟ. ನೀವಾಗಿದ್ದರೂ ಅವನನ್ನೇ ನೋಡುತ್ತಿದ್ದಿರಿ.

ಹೆಂಗಸನ್ನು ರಿಂಗಿಗೆ ಹಾಕಿದ. ಅವಳು ಕೆಮ್ಮಿದಳು. ದಡದಲ್ಲಿ ಚಪ್ಪಾಳೆ ಎದ್ದಿತು. ಚಪ್ಪಾಳೆ ಕೇಳಿದ ಮೇಲೆ ಅವನು ತಿರುಗಿ ನೋಡಿದ.

ಅಲ್ಲಿ ನೀರಿತ್ತು. ಅಷ್ಟೇ.

ಕೂಗು ಯಾವಾಗ ನಿಂತಿತು ಎನ್ನುವುದು ಅವನಿಗೆ ಗೊತ್ತಾಗಲಿಲ್ಲ. ಅದನ್ನೇ ಬಹಳ ಸಲ ಹೇಳುತ್ತಿದ್ದ. ಯಾವಾಗ ನಿಂತಿತೋ ಕೇಳಿಸಲಿಲ್ಲ ಎಂದು. ಅವನು ಮತ್ತೆ ಆ ಕಡೆ ಈಜಿದ. ಮುಳುಗಿ ಮುಳುಗಿ ಎದ್ದ. ಕೊನೆಗೆ ಇವನನ್ನೇ ಎಳೆದು ಮೇಲೆ ಹಾಕಬೇಕಾಯಿತು. ಗಂಡಸು ಸಂಜೆ ಸಿಕ್ಕ, ಹಡಗಿನ ಅಡಿಯಲ್ಲಿ. ಅವನು ಆ ಹೆಂಗಸಿನ ತಮ್ಮ.

ಆ ಊರಿನವರು ಸಭೆ ಮಾಡಿ ಪದಕ ಕೊಟ್ಟರು. ಒಂದು ಜೀವ ಉಳಿಸಿದ್ದಕ್ಕೆ ಎಂದು ಓದಿದರು. ಅದು ಸುಳ್ಳಲ್ಲ. ಇಲ್ಲಿಯೂ ನಾವು ಅದನ್ನೇ ಓದಿದೆವು. ಅದೂ ಸುಳ್ಳಲ್ಲ. ಕಾವ್ಯಾ ಅವರೇ, ಆ ಪದಕದ ಮೇಲಿನ ಯಾವ ಅಕ್ಷರವನ್ನೂ ನಾನು ಇಂದು ಅಳಿಸುತ್ತಿಲ್ಲ.

ಆ ಬಂದರಿನ ಸಭೆಗೆ ಬದುಕುಳಿದ ಆ ಹೆಂಗಸೂ ಬಂದಿದ್ದರು. ಮೈಲೇಶನ ಮುಂದೆ ನಿಂತು ಅವರ ಭಾಷೆಯಲ್ಲಿ ಒಂದೇ ಒಂದು ಮಾತು ಕೇಳಿದರು. ಬಂದರಿನ ದುಭಾಷಿ, ಆಕೆ ನಿಮಗೆ ಋಣಿ ಎನ್ನುತ್ತಿದ್ದಾರೆ ಎಂದು ಹೇಳಿ ಮುಗಿಸಿದ. ಮೈಲೇಶ ಕೈ ಮುಗಿದ. ಆದರೆ ಅವನು ಆಕೆಯ ಮುಖ ನೋಡಿದ್ದ. ಋಣದ ಮಾತು ಆಡುವ ಮುಖ ಅದಾಗಿರಲಿಲ್ಲ. ನಮ್ಮ ಹಡಗಿನ ಅಡುಗೆಯವನು ಆ ಕಡೆಯವನೇ. ಹಿಂದೆ ನಿಂತಿದ್ದ. ಹಡಗಿಗೆ ಬಂದ ಮೇಲೆ ಮೈಲೇಶ ಅವನನ್ನು ಬಿಡಲಿಲ್ಲ. ಕೊನೆಗೆ ಅಡುಗೆಯವನು ಹೇಳಿದ. ಆಕೆ ಕೇಳಿದ್ದು ಇದು — ನನ್ನ ತಮ್ಮ ನಿನ್ನನ್ನು ಕರೆಯುತ್ತಿರಲಿಲ್ಲವೇ?

ನೀರು ಕೊಡಿ ಸ್ವಲ್ಪ.

ಮೈಲೇಶ ಊರಿಗೆ ಬಂದ. ಹೊಳೆ ಬಿಟ್ಟ. ಕೋಲ್ಡ್ ಸ್ಟೋರೇಜಿನಲ್ಲಿ ನಮ್ಮ ಹಮಾಲರ ಮುಂದಾಳು ದಾದಾಪೀರ — ಅಲ್ಲಿ ಹಿಂದೆ ಕುಳಿತಿದ್ದಾನೆ — ಅವನನ್ನು ಕಾಡಿಸುತ್ತಿದ್ದ. ‘ಏನಲೇ ಹೊಳಿ ಹುಲಿ, ಟಾಕಿ ತುಂಬಿ ಹರದ್ರೂ ದೂರ ಸರೀತೀಯಲ್ಲ?’ ಎನ್ನುತ್ತಿದ್ದ. ‘ಮೆಣಸಿನಕಾಯಿ ಘಾಟ ಕುಡಿಯಾಂವಗ ನೀರ ಯಾಕ ಬೇಕಲೇ ದಾದ್ಯಾ,’ ಎಂದು ಇವನು ನಗಿಸುತ್ತಿದ್ದ. ದಾದಾಪೀರ, ತಲೆ ತಗ್ಗಿಸಬೇಡ. ಆ ನಗು ಅವನಿಗೆ ಬೇಕಾಗಿತ್ತು.

ಒಂದು ದಿನ ಮಧ್ಯಾಹ್ನ, ಬುತ್ತಿ ಬಿಚ್ಚಿ ಕುಳಿತಾಗ ನಾನೇ ಕೇಳಿದೆ. ಅಪ್ಪನಿಗೆ ಏಕೆ ಹೇಳುವುದಿಲ್ಲ? ಇದ್ದದ್ದು ಇದ್ದ ಹಾಗೆ ಹೇಳಿಬಿಡು. ಅವರು ಎಷ್ಟು ಜನರನ್ನು ಎತ್ತಿದವರು, ಎಷ್ಟು ಜನ ಅವರ ಕೈಯಿಂದ ಜಾರಿರಬಹುದು. ಅವರಿಗೆ ಅರ್ಥವಾಗುತ್ತದೆ.

ಕಾಕಾ, ಅವನು ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳುತ್ತೇನೆ. ನಿಮಗೆ ಬೇಕಾದದ್ದು ಇದೇ.

‘ಹೇಳಿದ್ರ ಏನಾಕ್ಕತಿ ಗೊತ್ತೇನು? ನಾಳೆ ಯಾರರ ಹೊಳಿಗೆ ಬೀಳ್ತಾರ. ಅಪ್ಪ ದಂಡ್ಯಾಗ ನಿಂದರ್ತಾನ. ಯಾರ ಕಡೆ ತೆಪ್ಪಾ ತಿರಗಸ್ಲಿ ಅಂತ ವಿಚಾರ ಮಾಡ್ತಾನ. ಆತ ವಿಚಾರ ಮಾಡೂದ್ರಾಗ ಹೊಳಿ ಮುಗಿಸಿರ್ತೈತಿ. ಆತ ಕಲಿಸಿದ್ದ ತಪ್ಪಂತ ನಾ ಹೇಳಾಕ ಹೋಗಂಗಿಲ್ಲ. ಮಗ ಸೊಕ್ಕಿಗೆ ಬಂದಾನ ಅಂತ ಸಿಟ್ಟಾಗ್ಲಿ. ಆತನ ಕೈ ನಡಗಬಾರದು.’

ಹಾಗಾದರೆ ಸುಮ್ಮನೆ ತೆಪ್ಪ ಹತ್ತಿ ಜೊತೆಗೆ ಕೂರಬಹುದಲ್ಲ ಎಂದೆ.

‘ಹತ್ತಿದ್ರ ಅಪ್ಪ ನನ್ನ ಮಾರಿ ನೋಡ್ತಾನ. ನನ್ನ ಮಾರಿ ಓದಾಕ ಅವಗ ಬರ್ತೈತಿ.’

ಇದು ಉತ್ತರ, ಕಾಕಾ. ಸಿಟ್ಟಲ್ಲ. ನೀವು ಮಂದಿಯ ಮುಂದೆ ಆಡಿದ ಮಾತೂ ಅವನ ಕಿವಿಗೆ ಬಿದ್ದಿತ್ತು. ಅಪ್ಪ ಬೈಯುತ್ತಿದ್ದಾನೆ ಎಂದರೆ ಅಪ್ಪ ಗಟ್ಟಿ ಇದ್ದಾನೆ ಎಂದು ನನ್ನ ಹತ್ತಿರ ಹೇಳಿದ್ದ. ಅವನು ನಿಮ್ಮಿಂದ ದೂರ ಕುಳಿತದ್ದು ಇದಕ್ಕೆ. ಇಷ್ಟು ವರ್ಷ ಅವನು ನಿಮ್ಮಿಂದ ಮುಚ್ಚಿಟ್ಟದ್ದನ್ನು ನಾನು ಈಗ ಎಲ್ಲರ ಮುಂದೆ ನಿಮ್ಮ ಕೈಗೆ ಕೊಟ್ಟಿದ್ದೇನೆ. ನೀವು ಕೇಳಿದಿರಿ, ಕೊಟ್ಟೆ. ಕೊಟ್ಟದ್ದು ಸರಿಯೋ ಎಂದು ನನಗೂ ಗೊತ್ತಿಲ್ಲ. ಈ ವರ್ಷ ಹೊಳೆ ಬಂದಾಗ ಗೊತ್ತಾಗುತ್ತದೆ. ಅವನಿಗೆ ಯಾವುದರ ಹೆದರಿಕೆ ಇತ್ತೋ ನನಗೂ ಅದರದೇ ಹೆದರಿಕೆ —

ಕಾಕಾ? ಏಳಬ್ಯಾಡ್ರಿ. ಕುಂತ ಹೇಳ್ರಿ. ಯಾರಾದರೂ ಮೈಕು ಅವರ ಹತ್ತಿರ ಒಯ್ಯಿರಿ. ತಂತಿ ಎತ್ತಿ ಕೊಡಿ, ಕಾಲಿಗೆ ತೊಡಕುತ್ತದೆ.

…

ಹಿಂದೆ ಕುಳಿತವರಿಗೆ ಕೇಳಿಸಲಿಲ್ಲ ಎನ್ನುತ್ತಿದ್ದೀರಿ. ಮೈಕು ಬಾಯಿಯಿಂದ ದೂರವಿತ್ತು. ಕಾಕಾ ಹೇಳಿದ್ದನ್ನು ನಾನೇ ಹೇಳುತ್ತೇನೆ. ತಪ್ಪಿದರೆ ಅವರು ತಿದ್ದಲಿ.

ಅವರು ಹೇಳಿದರು — ‘ನಾ ಅವಗ ಅರ್ಧಾ ಅಷ್ಟ ಕಲಿಸೇನಿ ತಮ್ಮಾ.’

ಹೊಳೆಗೆ ಯಾವತ್ತೂ ಇಬ್ಬರು ಇಳಿಯುತ್ತಾರೆ. ಒಬ್ಬ ಈಜುವವನು. ಇನ್ನೊಬ್ಬ ತೆಪ್ಪದಲ್ಲಿ ಉದ್ದನೆಯ ಬಿದಿರ ಗಳ ಹಿಡಿದು ನಿಲ್ಲುವವನು. ಈಜುವವನು ಸುಮ್ಮನಾದವರ ಕಡೆ ಹೋಗುತ್ತಾನೆ. ಕೂಗುವವರಿಗೆ ಗಳ ಚಾಚುವುದು ತೆಪ್ಪದಲ್ಲಿದ್ದವನ ಕೆಲಸ. ಗಳ ಯಾವತ್ತೂ ಕಾಕಾನ ಕೈಯಲ್ಲಿ. ಈಜುವುದು ಯಾವತ್ತೂ ಮೈಲೇಶ. ಹಿಂದೆ ನೋಡಬೇಡ ಎಂದು ಇವರೇ ಹೇಳಿದ್ದರು, ಮುಳುಗಿದವರ ಜಾಗ ಕಣ್ಣು ತಪ್ಪಬಾರದೆಂದು. ಹೀಗಾಗಿ ತನ್ನ ಬೆನ್ನ ಹಿಂದೆ ಅಪ್ಪ ಏನು ಮಾಡುತ್ತಾನೆ ಎಂಬುದನ್ನು ಅವನು ನೋಡಲೇ ಇಲ್ಲ. ಅವನು ಮುಳುಗಿದವರನ್ನು ಎಳೆದು ತರುವಷ್ಟರಲ್ಲಿ ಕೂಗುತ್ತಿದ್ದವರು ತೆಪ್ಪದಲ್ಲಿ ಕುಳಿತಿರುತ್ತಿದ್ದರು. ಗಳ ತೆಪ್ಪ ನೂಕಲಿಕ್ಕೆ ಅಷ್ಟೇ ಎಂದು ತಿಳಿದಿದ್ದ.

ಆಮೇಲೆ ಕಾಕಾ ಇನ್ನೊಂದು ಹೇಳಿದರು. ಅದನ್ನು ಹೇಳುವಾಗಲೇ ಅವರ ದನಿ ಇಳಿದದ್ದು.

‘ಸಣ್ಣಾಂವಿದ್ದಾಗ ಒಮ್ಮೆ ಕೇಳಿದ್ದ, ಕೂಗೋರನ್ನ ಯಾರ ತರ್ತಾರಪ್ಪಾ ಅಂತ. ನಾ ನಗಸಾಕ ಅಂದೆ, ಬಾಯಿ ಜೋರಿದ್ದವರು ಹೊಳಿನ್ನ ಬೈಕೋತನ ದಂಡಿಗೆ ಬರ್ತಾರೋ ಅಂತ. ನಕ್ಕ. ಅಂವ ಅದನ್ನ ಖರೇ ಅಂತ ಇಟಗೊಂಡ ಹೋಗ್ಯಾನ.’

ಸರಿಯೇ, ಕಾಕಾ? ಬಿಟ್ಟದ್ದು ಏನಾದರೂ ಇದೆಯೇ? — ಇಲ್ಲ.

ನನಗೆ ಈಗ ಹೆಚ್ಚು ಮಾತಿಲ್ಲ. ಇಬ್ಬರು ಮಾಡುವ ಕೆಲಸವನ್ನು ಅವನು ಆ ಬಂದರಿನಲ್ಲಿ ಒಬ್ಬನೇ ಮಾಡಿದ. ತನ್ನ ಪಾಲನ್ನು ತಪ್ಪಿಲ್ಲದೆ ಮಾಡಿದ. ಇನ್ನೊಂದು ಪಾಲು ಇದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಅಂಗಿಯಿಂದ ಆ ಕೈ ಬಿಡಿಸಿಕೊಂಡಾಗ ಅವನು ಯಾರನ್ನೂ ಬಿಟ್ಟು ಹೋಗುತ್ತಿರಲಿಲ್ಲ. ಹಿಂದೆ ತಿರುಗಿದಾಗ ಕೂಗಿದವರು ತೆಪ್ಪದಲ್ಲಿ ಕುಳಿತಿರುತ್ತಾರೆ, ಅವನಿಗೆ ಗೊತ್ತಿದ್ದದ್ದು ಅಷ್ಟೇ. ಯಾವಾಗಲೂ ಹಾಗೆಯೇ ಆಗಿತ್ತಲ್ಲ. ಇದನ್ನು ಅವನಿಗೆ ಹೇಳಬಲ್ಲ ಮನುಷ್ಯ ಇಡೀ ಲೋಕದಲ್ಲಿ ಒಬ್ಬರೇ ಇದ್ದರು. ಅವರ ಮುಂದೆ ಮಾತ್ರ ಅವನು ಬಾಯಿ ತೆರೆಯಲಿಲ್ಲ. ತೆರೆದಿದ್ದರೆ ಎಂದು ನಾನು ಹೇಳುವುದಿಲ್ಲ. ಆ ಮಾತಿಗೆ ತಳವಿಲ್ಲ.

ದೀಪಿಕಾ, ಈಗ ನಿನ್ನ ಕಡೆ ನೋಡುತ್ತಿದ್ದೇನೆ. ನಿನ್ನ ತಾಯಿ ತಲೆ ಆಡಿಸಿದರು. ಸಾಲಿಯಲ್ಲಿ ಯಾರಾದರೂ ಕೇಳಿದರೆ, ಈಗ ನಿನ್ನ ಅಜ್ಜ ಹೇಳಿದ್ದನ್ನು ಪೂರ್ತಿ ಹೇಳು. ಅರ್ಧ ಹೇಳಬೇಡ.

ಕಾಕಾ ಮೈಕು ತಿರುಗಿ ಕೊಟ್ಟಿಲ್ಲ. ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಾರೆ. ಇರಲಿ. ಯಾರೂ ಕೇಳಬೇಡಿ.

ಇನ್ನು ಎಲ್ಲರೂ ಎದ್ದು ನಿಲ್ಲೋಣ. ಏಳಲಾಗದವರು ಕುಳಿತೇ ಇರಿ, ತಪ್ಪಿಲ್ಲ. ಫೋನುಗಳ ಸದ್ದು ಆರಿಸಿ. ಬಾಗಿಲ ಹತ್ತಿರ ನಿಂತವರು ಒಳಗೆ ಬನ್ನಿ. ಸ್ವಲ್ಪ ಹೊತ್ತು ಮಾತಿಲ್ಲದೆ ಇರೋಣ. ಮೈಲೇಶನಿಗಾಗಿ. ಮತ್ತು ಅಂದು ಅದೇ ನೀರಿನಲ್ಲಿದ್ದ ಇನ್ನೊಬ್ಬನಿಗಾಗಿ. ಸುಮ್ಮನೆ ನಿಂತಾಗ ನಮ್ಮ ಮನಸ್ಸಿನೊಳಗೆ ಒಂದು ಹೆಸರಾದರೂ ಇರಬೇಕು. ಮೈಲೇಶನ ಹೆಸರು ನಮಗೆಲ್ಲ ಗೊತ್ತಿದೆ. ಆ ಇನ್ನೊಬ್ಬನ ಹೆಸರು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಹಡಗಿನಲ್ಲೂ ಎಲ್ಲರೂ ಅವನನ್ನು ಆ ಗಂಡಸು ಎಂದೇ ಹೇಳುತ್ತಿದ್ದರು. ನಾನೂ ಇಷ್ಟು ಹೊತ್ತು ಹಾಗೆಯೇ ಹೇಳಿದೆ.

ಅದಕ್ಕೆ ಆ ದೂರದ ಊರಿನಲ್ಲಿ, ಈ ಹೊತ್ತಿಗೆ ಯಾವ ಕೆಲಸದಲ್ಲಿದ್ದಾರೋ, ಮೈಲೇಶ ಉಳಿಸಿದ ಆಕೆಯನ್ನೇ ಕೇಳಬೇಕು. ಕೇಳಿ ಸುಮ್ಮನಾಗುತ್ತೇನೆ.

ಅಕ್ಕಾ, ನಿಮ್ಮ ತಮ್ಮನನ್ನು ಮನೆಯಲ್ಲಿ ಏನೆಂದು ಕರೆಯುತ್ತಿದ್ದಿರಿ?